ಅಮ್ಮನ ಬೆರಳಚ್ಚು ಯಂತ್ರಕ್ಕೆ ಹಿಡಿಯುತ್ತಿಲ್ಲ, ನಿಮ್ಮ ಮನೆಯಲ್ಲಿ ಏನು ಮಾಡಿದ್ದೀರಿ?

ನೇತ್ರಾವತಿ ದಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತು ಇದ್ದವರು ಓದಿ.

ನನ್ನ ಅಮ್ಮನಿಗೆ 68. ಬಂಟ್ವಾಳದ ಕಡೆ ಹಳ್ಳಿಯಲ್ಲಿ ಇದ್ದಾರೆ. ನಾನು ಬೆಂಗಳೂರಿನಲ್ಲಿ. ಅಮ್ಮ ಹರೆಯದಿಂದಲೇ ಬೀಡಿ ಕಟ್ಟಿದವರು. ನಮ್ಮ ಕಡೆ ಬೀಡಿಯ ದುಡ್ಡಿನಲ್ಲೇ ಎಷ್ಟೋ ಮನೆಗಳ ಮಕ್ಕಳು ಓದಿದ್ದಾರೆ, ಎಷ್ಟೋ ಮದುವೆಗಳು ನಡೆದಿವೆ. ಈಗ ಅಮ್ಮನಿಗೆ ಪಿಎಫ್ ಕಡೆಯಿಂದ ಪಿಂಚಣಿ ಬರುತ್ತದೆ. ಸಾವಿರದ ಚಿಲ್ಲರೆ. ಸಣ್ಣ ಮೊತ್ತವೇ, ಆದರೆ ಅದು ಅವರದೇ ದುಡ್ಡು. ಮಾತ್ರೆಗೋ ಮೊಮ್ಮಕ್ಕಳಿಗೋ ಖರ್ಚು ಮಾಡಬೇಕಾದರೆ ಯಾರನ್ನೂ ಕೇಳಬೇಕಾಗಿಲ್ಲ.

ಮೊನ್ನೆ ಜೀವನ್ ಪ್ರಮಾಣ್, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಎನ್ನುವ ಡಿಜಿಟಲ್ ಪ್ರಮಾಣಪತ್ರ, ಮಾಡಿಸಲು ಪೇಟೆಗೆ ಹೋದರೆ ಬೆರಳಚ್ಚು ಹಿಡಿಯಲಿಲ್ಲ. ಹೆಬ್ಬೆರಳು, ತೋರುಬೆರಳು, ಆ ಕೈ, ಈ ಕೈ, ಯಾವುದೂ ಆಗಲಿಲ್ಲ. ಕೈ ತೊಳೆದು ಬನ್ನಿ ಎಂದರು. ತೊಳೆದು ಬಂದರೂ ಅದೇ ಕಥೆ. ಯಂತ್ರದ ಮುಂದೆ ಕೂತಿದ್ದ ಹುಡುಗ "ನಿಮಗೆ ಒತ್ತಲು ಗೊತ್ತಾಗುತ್ತಿಲ್ಲ ಅಮ್ಮ" ಎಂದನಂತೆ. ಪಿಂಚಣಿ ನಿಂತುಹೋಗುತ್ತದೋ ಎನ್ನುವ ಹೆದರಿಕೆಗಿಂತ ಆ ಮಾತೇ ಅಮ್ಮನಿಗೆ ಜಾಸ್ತಿ ನಾಟಿದೆ.

ಬೀಡಿ ಕಟ್ಟುವುದನ್ನು ನೋಡದವರಿಗೆ ಹೇಳುತ್ತೇನೆ. ಎಲೆಯನ್ನು ನೆನೆಸಿ, ಕತ್ತರಿಯಿಂದ ಅಳತೆಗೆ ಕತ್ತರಿಸಬೇಕು. ಅಂಗೈ ಮೇಲೆ ಎಲೆ ಇಟ್ಟು, ಹೊಗೆಸೊಪ್ಪು ಹರಡಿ, ಎರಡೂ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಸುರುಳಿ ಮಾಡಬೇಕು. ಆಮೇಲೆ ತುದಿ ಮಡಚಿ ಒಳಗೆ ತಳ್ಳಿ ನೂಲು ಸುತ್ತಬೇಕು. ಲೆಕ್ಕ ನಡೆಯುವುದು ಸಾವಿರದಲ್ಲಿ. ಇಷ್ಟು ಬೀಡಿ ತಿಕ್ಕಿದ ಬೆರಳ ತುದಿ ನುಣ್ಣಗಾಗದೆ ಇರುತ್ತದಾ? ಬ್ರಾಂಚಿನಲ್ಲಿ ಬೀಡಿ ಎಣಿಸಿ ತೆಗೆದುಕೊಳ್ಳುವವರು ಕಟ್ಟಿನ ನೀಟು ನೋಡಿಯೇ ಇದು ಅಮ್ಮನ ಬೀಡಿ ಎನ್ನುತ್ತಿದ್ದರು. ಆ ಬೆರಳನ್ನು ಇವತ್ತು ಯಂತ್ರ "ಹೊಂದಾಣಿಕೆ ಇಲ್ಲ" ಎನ್ನುತ್ತಿದೆ.

ಈ ತಿಂಗಳ ಒಳಗೆ ಆಗಲೇಬೇಕು ಎಂದು ಎಲ್ಲರೂ ಹೇಳುತ್ತಿದ್ದಾರೆ. ಬೇರೆ ದಾರಿ ಏನಿದೆ? ನಿಮ್ಮ ಮನೆಯ ಹಿರಿಯರಿಗೆ ಹೀಗಾದಾಗ ಏನು ಮಾಡಿದಿರಿ?

ಕೌಂಟರ್ ನಂಬರ್ ಮೂರು

ಮೊದಲು ಗಾಬರಿ ಬಿಡಿ. ನಾನು ಬ್ಯಾಂಕಿನಲ್ಲಿ ಪಿಂಚಣಿ ಕೌಂಟರಿನಲ್ಲೇ ಜಾಸ್ತಿ ಕಾಲ ಕೂತವನು, ಈಗ ನಿವೃತ್ತ.

ನವೆಂಬರ್ ಗಡುವು ಮುಖ್ಯವಾಗಿ ಸರ್ಕಾರಿ ಪಿಂಚಣಿದಾರರಿಗೆ. ನಿಮ್ಮ ಅಮ್ಮನದು ಪಿಎಫ್ ಪಿಂಚಣಿ, ಅಂದರೆ 1995ರ ಯೋಜನೆಯದು. ಅವರು ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಜೀವನ್ ಪ್ರಮಾಣ್ ಕೊಡಬಹುದು. ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಹೋದ ಸಲ ಯಾವಾಗ ಕೊಟ್ಟಿದ್ದರು ಎಂದು ನೋಡಿಕೊಳ್ಳಿ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟು ಜನ ನವೆಂಬರಿನ ನೂಕುನುಗ್ಗಲಿನಲ್ಲಿ ಬಂದು ನಿಲ್ಲುತ್ತಾರೆ ಅಂತೀರಿ! ಇನ್ನು ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು.

ಎರಡನೆಯದು, ಬೆರಳು ಒಂದೇ ದಾರಿ ಅಲ್ಲ. ಜೀವನ್ ಪ್ರಮಾಣ್ 2014ರ ನವೆಂಬರಿನಲ್ಲಿ ಶುರುವಾದಾಗ ಬೆರಳು ಅಥವಾ ಕಣ್ಣಿನ ಪಾಪೆ ಮಾತ್ರ ಇತ್ತು, ಅದಕ್ಕೆ ಬೇರೆ ಯಂತ್ರ ಬೇಕಿತ್ತು. 2021ರಿಂದ ಮುಖ ನೋಡಿ ಗುರುತಿಸುವ ವ್ಯವಸ್ಥೆ ಬಂದಿದೆ. ಸಾಧಾರಣ ಆಂಡ್ರಾಯ್ಡ್ ಫೋನ್ ಸಾಕು. ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್, ಎರಡು ಆ್ಯಪ್ ಹಾಕಿಕೊಳ್ಳಬೇಕು. ಮೊದಲು ಫೋನ್ ಹಿಡಿದು ಮಾಡಿಸುವವರ ಮುಖ ಕೇಳುತ್ತದೆ, ಅದು ನೀವೇ ಆಗಬಹುದು. ಆಮೇಲೆ ಪಿಂಚಣಿದಾರರ ಮುಖ. ಪಿಪಿಒ (ಪಿಂಚಣಿ ಆದೇಶ ಪತ್ರ) ನಂಬರ್, ಬ್ಯಾಂಕ್ ಖಾತೆ, ಆಧಾರ್ ಎದುರಿಗೆ ಇಟ್ಟುಕೊಂಡು ಕೂರಿ.

ಫೋನ್ ಗೊಡವೆಯೇ ಬೇಡ ಎಂದರೆ ಊರಿನ ಅಂಚೆಯಣ್ಣನಿಗೆ ಹೇಳಿ. ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನವರು ಮನೆಗೇ ಬಂದು ಮಾಡಿಕೊಡುತ್ತಾರೆ. ನಮ್ಮ ಅತ್ತೆಗೆ ಮಾಡಿಸಿದಾಗ 70 ರೂಪಾಯಿ ಶುಲ್ಕ ಇತ್ತು.

ವಾರ್ಡ್ ಅಕ್ಕ

ಹುಬ್ಬಳ್ಳಿ ಕಡೆಯ ನರ್ಸ್ ನಾನು. ಆ ಹುಡುಗನ ಮಾತಿಗೆ ಮೊದಲು ಉತ್ತರ ಕೊಡಬೇಕು ಅನ್ನಿಸಿತು.

ಅಮ್ಮನವರಿಗೆ ಒತ್ತಲು ಗೊತ್ತಿಲ್ಲ ಎನ್ನುವುದು ಸುಳ್ಳು. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಬಿಗಿ ಕಳೆದುಕೊಳ್ಳುತ್ತದೆ. ಬೆವರು, ಎಣ್ಣೆ ಅಂಶ ಕಡಿಮೆ ಆಗುತ್ತದೆ. ಬೆರಳಿನ ಮೇಲೆ ಏರುತಗ್ಗು ಗೆರೆಗಳು ಇರುತ್ತವಲ್ಲ, ಆ ಏರು ಕರಗಿ ಸಪಾಟಾಗುತ್ತದೆ. ಯಂತ್ರ ಓದುವುದು ಏರು ಮತ್ತು ತಗ್ಗಿನ ವ್ಯತ್ಯಾಸವನ್ನು. ವ್ಯತ್ಯಾಸವೇ ಇಲ್ಲದ ಮೇಲೆ ಎಷ್ಟು ಒತ್ತಿದರೂ ಅದು ಏನನ್ನು ಓದಬೇಕು? ಜೋರಾಗಿ ಒತ್ತಿದರೆ ಇದ್ದ ಗೆರೆಯೂ ಚಪ್ಪಟೆಯಾಗುತ್ತದೆ. ಇದರ ಮೇಲೆ ಕೈಕೆಲಸ ಬೇರೆ. ಪಾತ್ರೆ ತಿಕ್ಕುವವರು, ಸಿಮೆಂಟು ಕಲಸುವವರು, ಬಟ್ಟೆ ಒಗೆಯುವವರು, ಎಲ್ಲರಿಗೂ ಇದೇ ತೊಂದರೆ.

ಕ್ಯಾನ್ಸರಿಗೆ ಕೊಡುವ ಕ್ಯಾಪಿಸಿಟಬಿನ್ ಎಂಬ ಮಾತ್ರೆಯಿಂದ ಕೆಲವರಿಗೆ ಅಂಗೈ, ಅಂಗಾಲಿನ ಚರ್ಮ ಸುಲಿದು ಬೆರಳಚ್ಚೇ ಮಾಯವಾಗುತ್ತದೆ. ಚಿಕಿತ್ಸೆಯಲ್ಲಿ ಇರುವವರು ಮನೆಯಲ್ಲಿದ್ದರೆ ಇದನ್ನು ಮೊದಲೇ ತಿಳಿದಿರಿ. ಆ ಹೊತ್ತಿನಲ್ಲಿ ಅವರನ್ನು ಕೌಂಟರಿನಿಂದ ಕೌಂಟರಿಗೆ ಅಲೆಸಬೇಡಿ.

ಒಂದಿಷ್ಟು ಉಪಾಯ ಇದೆ. ಕೆಲವು ದಿನ ಮೊದಲಿನಿಂದ ರಾತ್ರಿ ಮಲಗುವಾಗ ಬೆರಳಿಗೆ ಕೊಬ್ಬರಿ ಎಣ್ಣೆಯೋ ಕ್ರೀಮೋ ಹಚ್ಚಿ. ಹೋಗುವ ಹೊತ್ತಿಗೆ ಎಣ್ಣೆ ಇರಬಾರದು. ಯಂತ್ರದ ಮುಂದೆ ಕೂತಾಗ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಹಗುರವಾಗಿ ಪೂರ್ತಿ ಇಡಿ. ಹೆಬ್ಬೆರಳೇ ಆಗಬೇಕು ಎಂದಿಲ್ಲ. ಉಂಗುರಬೆರಳು, ಕಿರುಬೆರಳು ಅಷ್ಟು ಸವೆದಿರುವುದಿಲ್ಲ, ಅವನ್ನೂ ಕೊಟ್ಟು ನೋಡಿ.

ತೋಟದ ಮನೆ

ವಾರ್ಡ್ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವವರ ಕೈ ನೋಡಿದ್ದೀರಾ? ಚೊಗರು ಹತ್ತಿ ಬೆರಳೆಲ್ಲ ಕಪ್ಪು, ತುದಿಯಲ್ಲಿ ಸೀಳು. ಸುಗ್ಗಿಯ ಸಮಯದಲ್ಲಿ ರೇಷನ್ ಅಂಗಡಿಗೆ ಹೋದರೆ ಅರ್ಧ ಜನರ ಬೆರಳು ಹಿಡಿಯುವುದಿಲ್ಲ. ಸುಗ್ಗಿ ಮುಗಿದು ಒಂದೆರಡು ತಿಂಗಳು ಕಳೆದರೆ ಅದೇ ಬೆರಳು ಹಿಡಿಯುತ್ತದೆ.

ನಮ್ಮ ಮನೆಗೆ ಬರುವ ಅಜ್ಜಿಯೊಬ್ಬರನ್ನು ಅಂಗಡಿಯವರು ಅಕ್ಕಿ ಕೊಡದೆ ವಾಪಸ್ ಕಳಿಸಿದ್ದರು. ಅಪ್ಪ ಜೊತೆಗೆ ಹೋಗಿ ಜಗಳ ಆಡಬೇಕಾಯಿತು. ಬೆರಳು ಹಿಡಿಯಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ರೇಷನ್ ನಿಲ್ಲಿಸಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಇದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಕೇಳುವವರು ಇದ್ದಾರೆ ಎಂದು ಗೊತ್ತಾದರೆ ಅಂಗಡಿಯವರ ಧಾಟಿಯೇ ಬದಲಾಗುತ್ತದೆ.

ಮಲ್ಲೇಶ್ವರಂ ಎಂಟನೇ ಕ್ರಾಸ್

ನನ್ನ ಸಲಹೆ ನೇರ. ಇಷ್ಟೆಲ್ಲ ಒದ್ದಾಟ ಯಾಕೆ? ಹಿರಿಯರ ಫೋನು, ಎಟಿಎಂ ಕಾರ್ಡು, ಪಾಸ್‌ವರ್ಡು ಎಲ್ಲ ಮಕ್ಕಳೇ ಇಟ್ಟುಕೊಳ್ಳುವುದು ಒಳ್ಳೆಯದು. ನಾನು ಅಪ್ಪನದನ್ನು ಹಾಗೇ ಮಾಡಿದ್ದೇನೆ. ಬಿಲ್ಲು, ಔಷಧಿ, ಪಿಂಚಣಿ ಎಲ್ಲ ನಾನೇ ನೋಡುತ್ತೇನೆ. ಈಗಿನ ಕಾಲದಲ್ಲಿ ಮೋಸ ಎಷ್ಟಿದೆ ಗೊತ್ತಲ್ವಾ? ಅವರಿಗೆ ಆ ತಲೆನೋವು ಯಾಕೆ?

ಟೀಚರಮ್ಮ, ಮೈಸೂರು

ಎಂಟನೇ ಕ್ರಾಸಿನವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೂ ಇದನ್ನು ನಾನು ಒಪ್ಪುವುದಿಲ್ಲ.

ನನಗೆ 72. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡಿ ನಿವೃತ್ತಿಯಾದವಳು. ಒಬ್ಬಳೇ ಇದ್ದೇನೆ. ಸಕ್ಕರೆ ಕಾಯಿಲೆ ಇದೆ, ಒಂದು ಕಣ್ಣಿನ ಪೊರೆ ತೆಗೆಸಿದ್ದೇನೆ, ಇನ್ನೊಂದು ಬಾಕಿ ಇದೆ. ತರಕಾರಿಗೆ, ಹಾಲಿಗೆ, ಆಟೋಗೆ ನಾನೇ ಫೋನಿನಲ್ಲಿ ಹಣ ಕೊಡುತ್ತೇನೆ. ಕಲಿತಿದ್ದು 65 ದಾಟಿದ ಮೇಲೆ. ಕಲಿಯುವುದು ಕಷ್ಟ ಅನ್ನಿಸಲಿಲ್ಲ. ಅಕ್ಷರ ಕಾಣದೆ ಇದ್ದದ್ದು ಕಷ್ಟವಾಯಿತು. ನಮಗೆ ಗೊತ್ತಾಗುತ್ತಿಲ್ಲ ಎನ್ನುವುದು ಬೇರೆ, ನಮಗೆ ಕಾಣುತ್ತಿಲ್ಲ ಎನ್ನುವುದು ಬೇರೆ. ಮಕ್ಕಳು, ಕೌಂಟರಿನವರು, ಆ್ಯಪ್ ಮಾಡುವವರು, ಎಲ್ಲರೂ ಎರಡನ್ನೂ ಒಂದೇ ಮಾಡಿಬಿಡುತ್ತಾರೆ.

ನಲವತ್ತಕ್ಕೆ ಚಾಳೀಸು ಬಂದಾಗ ಯಾರೂ ನಮ್ಮನ್ನು ದಡ್ಡರು ಎನ್ನಲಿಲ್ಲ. ಕನ್ನಡಕ ಕೊಟ್ಟರು, ಓದಿದೆವು. ಎಪ್ಪತ್ತಕ್ಕೆ ಬೆರಳು ಒಣಗಿ ಪರದೆ ಮೇಲೆ ಕೆಲಸ ಮಾಡದಿದ್ದರೆ ಮಾತ್ರ "ಅವರಿಗೆ ಆಗಲ್ಲ ಬಿಡಿ" ಎಂದು ಫೋನ್ ಕಿತ್ತುಕೊಳ್ಳುವುದು ಯಾವ ನ್ಯಾಯ?

ಮೋಸದ ಹೆದರಿಕೆ ನನಗೂ ಇದೆ. ಅದಕ್ಕೆ ನಾನು ಎರಡು ಖಾತೆ ಇಟ್ಟುಕೊಂಡಿದ್ದೇನೆ. ಪಿಂಚಣಿ ಬೀಳುವ ಖಾತೆಗೆ ಯುಪಿಐ ಇಲ್ಲ. ಇನ್ನೊಂದರಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟು ಮಾತ್ರ ಹಾಕುತ್ತೇನೆ, ಫೋನಿಗೆ ಅದೊಂದೇ ಜೋಡಿಸಿದೆ. ಹೋದರೂ ಅಷ್ಟೇ ಹೋಗುತ್ತದೆ. ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ, ಕೊಡಲು ಮಾತ್ರ ಪಿನ್, ಇದನ್ನು ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇನೆ. ಡಿಜಿಟಲ್ ಅರೆಸ್ಟ್ ಎನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. ವಿಡಿಯೊ ಕಾಲ್‌ನಲ್ಲಿ ಪೊಲೀಸ್ ವೇಷ ಹಾಕಿ ಹೆದರಿಸಿದರೆ ಕಟ್ ಮಾಡಿ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಪಾರ್ಕಿಗೆ ಬರುವ ಗೆಳತಿಯರಿಗೆಲ್ಲ ಇಷ್ಟನ್ನು ಹೇಳಿಕೊಟ್ಟಿದ್ದೇನೆ. ಅವರಲ್ಲಿ ಒಬ್ಬರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು, ಈಗ ನನಗಿಂತ ಚೆನ್ನಾಗಿ ಬಳಸುತ್ತಾರೆ.

ನಿಮ್ಮ ಅಪ್ಪನವರನ್ನು ಒಂದು ಸಲ ಕೇಳಿ ನೋಡಿ. ಅವರೇ "ನೀನೇ ನೋಡಿಕೋ ಮಗ" ಎಂದರೆ ನನ್ನ ತಕರಾರು ಇಲ್ಲ.

ಕ್ರಾಸ್‌ಬಾರ್

ಟೀಚರ್ ಹೇಳಿದ ಮೇಲೆ ನಾನೂ ನಾಲ್ಕು ಮಾತು ಹೇಳುತ್ತೇನೆ. ನಾನು ಧಾರವಾಡದವನು, ದೂರವಾಣಿ ಇಲಾಖೆಯಲ್ಲಿ ಇದ್ದವನು. 2000ದ ಅಕ್ಟೋಬರ್ 1ರಂದು ನಾವೆಲ್ಲ ಬಿಎಸ್‌ಎನ್‌ಎಲ್‌ನವರಾದೆವು. 2020ರ ಜನವರಿ ಕೊನೆಗೆ ಸ್ವಯಂನಿವೃತ್ತಿ ಪಡೆದು ಸುಮಾರು 78 ಸಾವಿರ ಜನ ಒಟ್ಟಿಗೆ ಹೊರಗೆ ಬಂದೆವಲ್ಲ, ಅದರಲ್ಲಿ ನಾನೂ ಒಬ್ಬ.

ಕಿತ್ತೂರಿನ ಹೆಸರು ಎಲ್ಲರಿಗೂ ಚೆನ್ನಮ್ಮನಿಂದ ಗೊತ್ತು. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ನಮ್ಮ ದೇಶದಲ್ಲೇ ತಯಾರಿಸಿದ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಗಿದ್ದೂ ಅದೇ ಕಿತ್ತೂರಿನಲ್ಲಿ, 1986ರಲ್ಲಿ. 128 ಪೋರ್ಟಿನ ಸಣ್ಣ ಪೆಟ್ಟಿಗೆ. ಆವರೆಗೆ ನಾವು ನೋಡುತ್ತಿದ್ದ ಎಕ್ಸ್‌ಚೇಂಜ್ ಅಂದರೆ ಇಡೀ ಕೋಣೆ, ಟಕಟಕ ಸದ್ದು, ಸದಾ ಧೂಳಿನ ಹೆದರಿಕೆ. ಈ ಪೆಟ್ಟಿಗೆ ಎಸಿ ಇಲ್ಲದೆ ಹಳ್ಳಿಯ ಬಿಸಿಲಿನಲ್ಲೂ ನಡೆಯುವಂತೆ ಮಾಡಿದ್ದರು. ಆಮೇಲೆ ಅಂಥವು ಊರೂರಿಗೆ ಬಂದವು. ಕಂಬ ಹತ್ತಿ ತಂತಿ ಎಳೆದು, ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಕೇಬಲ್ ಜೋಡಿಸಿದವರು ಈಗ ಅರವತ್ತು ಎಪ್ಪತ್ತರಲ್ಲಿ ಇದ್ದಾರೆ. ಅವರಿಗೆ "ಅಂಕಲ್, ಟೆಕ್ನಾಲಜಿ ನಿಮಗೆ ಆಗಿಬರಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಈ ದೇಶದ ಹಳ್ಳಿಗಳಿಗೆ ಟೆಕ್ನಾಲಜಿ ತಂದವರೇ ಅವರು.

ನಿಮ್ಮ ಅಮ್ಮನವರ ವಿಷಯವೂ ಇದೇ ಅಲ್ವಾ? ದುಡಿದು ದುಡಿದು ಬೆರಳು ಸವೆದಿದೆ. ಸವೆಸಿದ ಆ ಕೆಲಸದಿಂದಲೇ ಪಿಂಚಣಿ ಬಂದಿದೆ. ಆ ಪಿಂಚಣಿ ಕೊಡಲು ಮತ್ತೆ ಅದೇ ಬೆರಳು ಬೇಕು ಎನ್ನುತ್ತಾರೆ. ಈ ವ್ಯವಸ್ಥೆ ಮಾಡಿದವರು ಇಷ್ಟನ್ನು ಮೊದಲೇ ಯೋಚಿಸಬೇಕಿತ್ತು.

ಟೀಚರಮ್ಮ, ಮೈಸೂರು

ಕ್ರಾಸ್‌ಬಾರ್ ಸರ್, ನಿಮಗೇ ಕೇಳಬೇಕು. ಬ್ಯಾಂಕಿಗೋ ಗ್ಯಾಸಿಗೋ ಫೋನ್ ಮಾಡಿದರೆ ಯಂತ್ರದ ಧ್ವನಿ ಬರುತ್ತದಲ್ಲ, ಅದು ಕೇಳಿಸುತ್ತದೆ, ಆದರೆ ಏನು ಹೇಳಿತು ಎಂದು ಹಿಡಿಯಲು ಆಗುವುದಿಲ್ಲ. ಎದುರು ಕೂತವರ ಮಾತು ಚೆನ್ನಾಗಿ ಕೇಳುತ್ತದೆ. ಇದು ಕಿವಿಯದಾ, ಫೋನಿನದಾ?

ಕ್ರಾಸ್‌ಬಾರ್

ಎರಡರದೂ ಟೀಚರ್. ಹಳೆಯ ಟೆಲಿಫೋನ್ ಲೈನು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಮೊದಲಿನಿಂದಲೂ ಅಷ್ಟೇ. ಮಾತು ಅರ್ಥವಾಗಲು ಅಷ್ಟು ಸಾಕು ಎಂದು ಲೆಕ್ಕ ಹಾಕಿದ್ದರು. ಅದು ಚೆನ್ನಾಗಿ ಕೇಳುವ ಕಿವಿಯ ಲೆಕ್ಕ. ಸ, ಶ, ಫ ಇಂಥ ಅಕ್ಷರಗಳ ಸದ್ದು ಜಾಸ್ತಿ ಇರುವುದು ಮೇಲಿನ ಕಡೆ, ಅದು ಲೈನಿನಲ್ಲೇ ಕತ್ತರಿಸಿ ಹೋಗುತ್ತದೆ. ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳುವುದೂ ಅದೇ ಕೀರಲು ಸದ್ದನ್ನು. ಸ್ವರ ಕೇಳಿಸುತ್ತದೆ, ವ್ಯಂಜನ ತಪ್ಪಿಹೋಗುತ್ತದೆ. ಎದುರಿಗೆ ಕೂತವರ ತುಟಿ ನೋಡಿ ನಮಗೆ ಗೊತ್ತಿಲ್ಲದೆಯೇ ಅರ್ಧ ತುಂಬಿಸಿಕೊಳ್ಳುತ್ತೇವೆ. ಯಂತ್ರಕ್ಕೆ ತುಟಿ ಎಲ್ಲಿದೆ?

ವಾಟ್ಸ್ಆ್ಯಪ್ ಕಾಲ್ ಅಥವಾ 4ಜಿ ಕಾಲ್‌ನಲ್ಲಿ ಧ್ವನಿ ಇನ್ನೂ ಅಗಲವಾಗಿ ಬರುತ್ತದೆ. ಮಕ್ಕಳ ಜೊತೆ ಅದರಲ್ಲೇ ಮಾತಾಡಿ. ಕಿವಿ ಪರೀಕ್ಷೆಯನ್ನೂ ಒಂದು ಸಲ ಮಾಡಿಸಿಬಿಡಿ.

ವಾರ್ಡ್ ಅಕ್ಕ

ಕಿವಿ ಪರೀಕ್ಷೆ ಮಾತಿಗೆ ನನ್ನದೂ ಒಂದು ಓಟು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲು ಯಾರೂ ನಾಚುವುದಿಲ್ಲ, ಕಿವಿಯ ಯಂತ್ರಕ್ಕೆ ಮಾತ್ರ ಎಲ್ಲರೂ ಹಿಂಜರಿಯುತ್ತಾರೆ. ಕೇಳಿಸದವರು ಮೆಲ್ಲಗೆ ಮಾತಿನಿಂದ ಹಿಂದೆ ಸರಿಯುತ್ತಾರೆ, ಮನೆಯಲ್ಲಿ ಜನ ಇದ್ದೂ ಒಂಟಿಯಾಗುತ್ತಾರೆ. ವಾರ್ಡಿನಲ್ಲಿ ದಿನಾ ನೋಡುತ್ತೇನೆ.

ಟೀಚರ್, ಸಕ್ಕರೆ ನೋಡಿಕೊಳ್ಳುವಾಗ ಬೆರಳ ತುದಿಯ ನಟ್ಟನಡುವೆ ಚುಚ್ಚಬೇಡಿ. ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ದಿನಾ ಬೆರಳು ಬದಲಿಸಿ.

ಪರದೆಯ ಹಿಂದೆ

ನಾನು ಆ್ಯಪ್ ಮಾಡುವ ಕಂಪನಿಯಲ್ಲಿ ವಿನ್ಯಾಸದ ಕೆಲಸ ಮಾಡುತ್ತೇನೆ. ಇಡೀ ಚರ್ಚೆಯನ್ನು ಓದಿದೆ. ಟೀಚರ್ ಹೇಳಿದ ಕಾಣುವುದು ಮತ್ತು ಗೊತ್ತಾಗುವುದರ ವಿಷಯ ನಮ್ಮ ಆಫೀಸಿನ ಗೋಡೆ ಮೇಲೆ ಇರಬೇಕಾದ ಮಾತು.

ಅರವತ್ತು ವರ್ಷದವರ ಕಣ್ಣಿನ ಒಳಗೆ ತಲುಪುವ ಬೆಳಕು ಇಪ್ಪತ್ತರವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ ಮಾತ್ರ. ನಾವೋ ಬಿಳಿ ಪರದೆ ಮೇಲೆ ತೆಳು ಬೂದು ಅಕ್ಷರ ಹಾಕುತ್ತೇವೆ, ನೋಡಲು ಸೊಗಸು ಎಂದು. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಎಂಬ ಅಂತರರಾಷ್ಟ್ರೀಯ ನಿಯಮ ಇದೆ. ಒತ್ತುವ ಗುಂಡಿ ಸುಮಾರು 9 ಮಿಲಿಮೀಟರ್ ಇರಬೇಕು ಎಂದು ಆಂಡ್ರಾಯ್ಡ್ ಮಾಡಿದವರೇ ಹೇಳುತ್ತಾರೆ. ನಾವು ಎಷ್ಟು ಜನ ಪಾಲಿಸುತ್ತೇವೆ? ಮೀಟಿಂಗಿನಲ್ಲಿ ಕೂತವರೆಲ್ಲ ಮೂವತ್ತರ ಒಳಗಿನವರು. ತಮ್ಮ ಕಣ್ಣಿಗೆ ಕಂಡಿತು, ತಮ್ಮ ಬೆರಳಿಗೆ ಆಯಿತು, ಅಷ್ಟಕ್ಕೆ ಮುಗಿಯಿತು.

ಟಚ್ ಸ್ಕ್ರೀನು ಕೆಲಸ ಮಾಡುವುದು ನಮ್ಮ ಚರ್ಮದಲ್ಲಿ ಸ್ವಲ್ಪ ವಿದ್ಯುತ್ ಹರಿಯುವುದರಿಂದ. ಬೆರಳು ಒಣಗಿದ್ದರೆ ಪರದೆಗೆ ಮುಟ್ಟಿದ್ದೇ ಗೊತ್ತಾಗುವುದಿಲ್ಲ. ಹಿರಿಯರು ಇನ್ನೂ ಹೊತ್ತು ಒತ್ತಿ ಹಿಡಿಯುತ್ತಾರೆ. ಆಗ ಅದು ಬೇರೆಯೇ ಏನನ್ನೋ ತೆರೆಯುತ್ತದೆ. ಇದಕ್ಕೆ ಪರಿಹಾರ ಫೋನಿನ ಒಳಗೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂದು ಇರುತ್ತದೆ. ಅಲ್ಲಿ ಒತ್ತಿ ಹಿಡಿಯುವ ಸಮಯವನ್ನು ಜಾಸ್ತಿ ಮಾಡಿ. ಅಕ್ಷರದ ಗಾತ್ರ ಮತ್ತು ಪರದೆಯ ಗಾತ್ರ ಬೇರೆ ಬೇರೆ ಇವೆ, ಎರಡನ್ನೂ ದೊಡ್ಡದು ಮಾಡಿ. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡಿಕೊಳ್ಳುತ್ತದೆ. ಊರಿಗೆ ಹೋದಾಗ ಅಮ್ಮನ ಜೊತೆ ಕೂತು ಇಷ್ಟು ಮಾಡಿಕೊಡಿ. ಫೋನ್ ಅವರ ಕೈಯಲ್ಲೇ ಇರಲಿ, ನೀವು ಬಾಯಲ್ಲಿ ಹೇಳಿ.

ಇನ್ನೊಂದು ಮುಖ್ಯ ವಿಷಯ. ಮುಖ ಗುರುತಿಸುವ ಆ್ಯಪ್‌ಗಳು ಕಣ್ಣು ಮಿಟುಕಿಸಿ ಎನ್ನುತ್ತವೆ. ಎದುರಿಗೆ ಇರುವುದು ಫೋಟೊ ಅಲ್ಲ, ಜೀವಂತ ಮನುಷ್ಯ ಎಂದು ತಿಳಿಯಲು. ಆದರೆ ಕಣ್ಣು ಮಿಟುಕಿಸಲು ಆಗದವರು ಏನು ಮಾಡಬೇಕು? ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿ ಇಲ್ಲದವರೊಬ್ಬರು ಬ್ಯಾಂಕ್ ಕೆವೈಸಿ (ಗ್ರಾಹಕರ ಗುರುತಿನ ಪರಿಶೀಲನೆ) ವಿಷಯದಲ್ಲಿ ಇದನ್ನೇ ಸುಪ್ರೀಂ ಕೋರ್ಟಿನಲ್ಲಿ ಕೇಳಿದರು. 2025ರ ಏಪ್ರಿಲ್ 30ರಂದು ತೀರ್ಪು ಬಂತು. ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿತು. ಕಣ್ಣು ಮಿಟುಕಿಸುವುದನ್ನು ಬಿಟ್ಟು ಬೇರೆ ದಾರಿಯನ್ನೂ ಕೊಡಬೇಕು ಎಂದು ಸೂಚಿಸಿತು. ನಮ್ಮ ಆಫೀಸಿನಲ್ಲಿ ಆ ತೀರ್ಪು ತೋರಿಸಿದ ಮೇಲೆಯೇ ಗುಂಡಿಗಳು ದೊಡ್ಡದಾದವು.

ನೇತ್ರಾವತಿ ದಡ

ಎಲ್ಲರಿಗೂ ಕೈಮುಗಿಯುತ್ತೇನೆ. ಶನಿವಾರ ಊರಿಗೆ ಬಂದೆ. ಕೌಂಟರ್ ಸರ್ ಹೇಳಿದ ಹಾಗೆ ಮುಖದ ದಾರಿ ಹಿಡಿದೆವು. ಒಳಗೆ ಕೋಣೆಯಲ್ಲಿ ಆಗಲಿಲ್ಲ, ಅಮ್ಮನ ಹಿಂದೆ ಕಿಟಕಿ ಇತ್ತು, ಮುಖ ಕಪ್ಪಾಗಿ ಬರುತ್ತಿತ್ತು. ಜಗಲಿಗೆ ಬಂದು ಬಿಳಿ ಗೋಡೆಗೆ ಬೆನ್ನು ಮಾಡಿ ಕೂರಿಸಿದೆ. ಕನ್ನಡಕ ತೆಗೆಸಿದೆ. ಕಣ್ಣು ಮಿಟುಕಿಸಿ ಎಂದಾಗ ಅಮ್ಮ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತರು. ಆಮೇಲೆ ಸರಿಯಾಯಿತು. ಪ್ರಮಾಣ್ ಐಡಿ ಇರುವ ಮೆಸೇಜ್ ಅಮ್ಮನ ಫೋನಿಗೇ ಬಂದಿದೆ. ಅವರೇ ಓದಿ, ಅದರ ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು.

ಅವರಿಗೆ ಈ ಚರ್ಚೆಯನ್ನೂ ಓದಿ ಹೇಳಿದೆ. ಬೆರಳಿನ ಗೆರೆ ಸವೆಯುವ ವಿಷಯ ಕೇಳಿ, "ಅಕ್ಕಪಕ್ಕದ ಮನೆಯವರಿಗೂ ಹೇಳು ಮಗಾ, ಅವರೂ ತಮ್ಮದೇ ತಪ್ಪು ಅಂದುಕೊಂಡಿದ್ದಾರೆ" ಎಂದರು. ಸಂಜೆಗೆ ಜಗಲಿಯಲ್ಲಿ ಇನ್ನೂ ಕೆಲವರು ಪಾಸ್‌ಬುಕ್ ಹಿಡಿದು ಬಂದರು. ಒಬ್ಬರದು ಮಾತ್ರ ಆಗಲಿಲ್ಲ, ಏನೋ ಲಾಕ್ ಆಗಿದೆ ಎಂದು ತೋರಿಸುತ್ತಿದೆ. ಇದೇನು?

ಕೌಂಟರ್ ನಂಬರ್ ಮೂರು

ಬಹಳ ಖುಷಿಯಾಯಿತು. ಅವರ ಆಧಾರ್ ಬಯೋಮೆಟ್ರಿಕ್ ಲಾಕ್ ಆಗಿರಬೇಕು. ಬೆರಳಚ್ಚು ಕದ್ದು ಹಣ ತೆಗೆಯುವ ಮೋಸ ಜಾಸ್ತಿಯಾದಾಗ ತುಂಬ ಜನ ಲಾಕ್ ಮಾಡಿಸಿದರು, ಅದು ಒಳ್ಳೆಯದೇ. ಆದರೆ ಲಾಕ್ ಇದ್ದಾಗ ಬೆರಳು, ಕಣ್ಣು, ಮುಖ ಯಾವುದೂ ನಡೆಯುವುದಿಲ್ಲ. ಆಧಾರ್ ಆ್ಯಪ್‌ನಲ್ಲಿ ತಾತ್ಕಾಲಿಕವಾಗಿ ತೆರೆದು, ಪ್ರಮಾಣಪತ್ರ ಮುಗಿಸಿ. ಅದಕ್ಕೆ ಅವರ ಮೊಬೈಲ್ ನಂಬರ್ ಆಧಾರ್‌ಗೆ ಜೋಡಣೆ ಆಗಿರಬೇಕು. ಆಗಿಲ್ಲದಿದ್ದರೆ ಆಧಾರ್ ಕೇಂದ್ರಕ್ಕೆ ಒಂದು ಸಲ ಹೋಗಿ ಬರಲೇಬೇಕು. ಹೋದಾಗ ಬೆರಳು ಮತ್ತು ಫೋಟೊವನ್ನೂ ಹೊಸದಾಗಿ ಕೊಟ್ಟು ಬನ್ನಿ. ಆಧಾರ್ ಶುರುವಾಗಿದ್ದು 2010ರಲ್ಲಿ. ಆಗ ಕೊಟ್ಟ ಬೆರಳಿಗೂ ಈಗಿನ ಬೆರಳಿಗೂ ಎಷ್ಟು ವ್ಯತ್ಯಾಸ ಆಗಿರಬೇಡ!

ಮಲ್ಲೇಶ್ವರಂ ಎಂಟನೇ ಕ್ರಾಸ್

ಟೀಚರ್, ನೀವು ಹೇಳಿದ ಹಾಗೆ ಅಪ್ಪನನ್ನು ಕೇಳಿದೆ. ಬಿಲ್ಲು ಕಟ್ಟುವುದು ನೀನೇ ನೋಡಿಕೋ, ಆದರೆ ಪಿಂಚಣಿ ಬಂದ ಮೆಸೇಜ್ ನನ್ನ ಫೋನಿಗೆ ಬರಲಿ ಎಂದರು. ನಂಬರ್ ಬದಲಿಸಲು ನಾಳೆ ಬ್ಯಾಂಕಿಗೆ ಒಟ್ಟಿಗೆ ಹೋಗುತ್ತಿದ್ದೇವೆ. ಆ ಕಡೆ ಅವರ ಸ್ನೇಹಿತರೂ ಇದ್ದಾರಂತೆ, ಹಾಗೇ ಮಾತಾಡಿಸಿಕೊಂಡು ಬರೋಣ ಎಂದಿದ್ದಾರೆ.

ಹಾವೇರಿ ಸೊಸೆ

ತಡವಾಗಿ ಬಂದೆ, ಒಂದು ಪ್ರಶ್ನೆ. ಮಾವನವರು ಕೇಂದ್ರ ಸರ್ಕಾರದ ಪಿಂಚಣಿದಾರರು. ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದಿದ್ದಾರೆ. ಬೆರಳು ಬಿಗಿದುಕೊಂಡಿದೆ, ಒಂದು ಕಡೆ ಮುಖವೂ ವಾಲಿದೆ. ಆ್ಯಪ್ ಗುರುತಿಸುತ್ತಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಕರೆದುಕೊಂಡು ಬನ್ನಿ ಎನ್ನುತ್ತಿದ್ದಾರೆ. ಆಂಬ್ಯುಲೆನ್ಸ್ ಮಾಡಿಕೊಂಡು ಹೋಗಬೇಕಾ?

ಕೌಂಟರ್ ನಂಬರ್ ಮೂರು

ಖಂಡಿತ ಬೇಡ ತಾಯಿ. 70 ದಾಟಿದವರಿಗೆ ಮತ್ತು ನಡೆಯಲಾಗದವರಿಗೆ ಮನೆಬಾಗಿಲಿಗೇ ಸೇವೆ ಕೊಡಬೇಕು, ಅದರಲ್ಲಿ ಜೀವಂತ ಪ್ರಮಾಣಪತ್ರವೂ ಸೇರಿದೆ ಎಂದು ರಿಸರ್ವ್ ಬ್ಯಾಂಕ್ 2017ರ ನವೆಂಬರ್ 9ರಂದು ಎಲ್ಲ ಬ್ಯಾಂಕುಗಳಿಗೆ ಹೇಳಿದೆ. ಒಂದು ಬಿಳಿ ಹಾಳೆಯಲ್ಲಿ ಮ್ಯಾನೇಜರ್ ಹೆಸರಿಗೆ ಅರ್ಜಿ ಬರೆಯಿರಿ. ಮಾವನವರ ಸ್ಥಿತಿ, ಖಾತೆ ನಂಬರ್, ಪಿಪಿಒ ನಂಬರ್, ಮನೆ ವಿಳಾಸ, ಮತ್ತು ಆ ಸುತ್ತೋಲೆಯ ದಿನಾಂಕ ಹಾಕಿ. ಡಾಕ್ಟರ ಚೀಟಿಯ ಜೆರಾಕ್ಸ್ ಲಗತ್ತಿಸಿ. ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ, ಇದನ್ನು ಮರೆಯಬೇಡಿ.

ಅದೂ ತಡವಾದರೆ ಕಾಗದದ ನಮೂನೆ ಈಗಲೂ ನಡೆಯುತ್ತದೆ. ಗೆಜೆಟೆಡ್ ಅಧಿಕಾರಿಯೊಬ್ಬರು ಮನೆಗೆ ಬಂದು, ಮಾವನವರನ್ನು ಕಣ್ಣಾರೆ ನೋಡಿ ಸಹಿ ಹಾಕಿದರೆ ಸಾಕು, ಅವರು ಬ್ಯಾಂಕಿಗೆ ಬರಬೇಕಾಗಿಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಕೇಳಿ ನೋಡಿ.

ಹಾವೇರಿ ಸೊಸೆ

ಅರ್ಜಿ ಬರೆದೆ ಸರ್. ನಾಳೆ ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿಗೆ ಹೋಗುತ್ತೇನೆ. ಏನಾಯಿತು ಎಂದು ಬಂದು ಇಲ್ಲೇ ತಿಳಿಸುತ್ತೇನೆ.